ಕೈಗೆ ಸಿಗದ ಅಕ್ಷರ

೧೯೯೬ರಲ್ಲಿ ನಾನು ಚಾಮರಾಜಪೇಟೆಯ ಒಂದು ಗ್ಯಾರೇಜಿನಲ್ಲಿ ಎರಡನೇ ಮೆಕ್ಯಾನಿಕ್. ವಯಸ್ಸು ಮೂವತ್ತನಾಲ್ಕು. ಮೊದಲನೆಯವರು ನಂಜಪ್ಪ ಮೇಸ್ತ್ರಿ. ಅರವತ್ತು ದಾಟಿದವರು, ನನಗೆ ಕೆಲಸ ಕಲಿಸಿದವರು. ಆಗ ಪೆಟ್ರೋಲ್ ಅಂಬಾಸಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ಬಹಳ ಬರುತ್ತಿತ್ತು. ಹನುಮಂತನಗರದ ನಿವೃತ್ತ ಹೆಡ್‌ಮಾಸ್ಟರೊಬ್ಬರ ಕಾರು ಅದಕ್ಕೇ ಬಂದಿತ್ತು.

ಮೇಸ್ತ್ರಿಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅದು ನನಗೊಬ್ಬನಿಗೇ ಗೊತ್ತು. ಪಾರ್ಟ್ ನಂಬರ್ ಓದುವಂಥ ಕೆಲಸಗಳನ್ನು ಅವರು ಸದ್ದಿಲ್ಲದೆ ನನ್ನ ಕಡೆ ತಳ್ಳುತ್ತಿದ್ದರು, ನಾನೂ ಸದ್ದಿಲ್ಲದೆ ಮಾಡಿಕೊಡುತ್ತಿದ್ದೆ. ಆದರೆ ಆ ತಿಂಗಳು ಬ್ರೇಕ್ ಪೈಪೊಂದನ್ನು ಸಡಿಲ ಬಿಟ್ಟು ಮಾಲೀಕ ರುದ್ರೇಶನಿಗೆ ಸಿಕ್ಕಿಬಿದ್ದಿದ್ದರು. ರುದ್ರೇಶ ನಮ್ಮಿಬ್ಬರಿಗಿಂತ ಚಿಕ್ಕವನು, ಕೆಟ್ಟವನೇನಲ್ಲ. "ಇನ್ನೊಂದ್ಸಲ ಹೀಗಾದ್ರೆ ಮನೇಲಿದ್ಬಿಡಿ ಮೇಸ್ತ್ರಿ. ಜನರ ಜೀವದ ವಿಷ್ಯ," ಅಂದಿದ್ದ. ಹೆಡ್‌ಮಾಸ್ಟರ ಕಾರು ಸರಿಯಾಗಿ ಹೊರಟರೆ ಮೇಸ್ತ್ರಿ ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ.

ಕ್ಲಚ್ ವಿಷಯ ಸ್ವಲ್ಪ ಹೇಳಬೇಕು. ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ ಫ್ಲೈವೀಲ್. ಅದಕ್ಕೆ ಕ್ಲಚ್ ಪ್ಲೇಟ್ ಒತ್ತಿಕೊಂಡಿದ್ದರೆ ಬಲ ಗೇರ್‌ಬಾಕ್ಸಿಗೆ ಹೋಗುತ್ತದೆ, ಪೆಡಲ್ ತುಳಿದರೆ ಹಿಡಿತ ಬಿಡುತ್ತದೆ. ಪ್ಲೇಟಿನ ನಡುವೆ ಸ್ಪ್ರಿಂಗುಗಳ ಉಬ್ಬು ಇರುತ್ತದೆ. "ಉಬ್ಬು ಗೇರ್‌ಬಾಕ್ಸ್ ಕಡೆ" ಎನ್ನುವುದು ಮೇಸ್ತ್ರಿ ಮೂವತ್ತು ವರ್ಷ ಬೆರಳಿನಲ್ಲೇ ಪಾಲಿಸಿದ ಸೂತ್ರ. ಆದರೆ ಎಂಜಿನ್ ಕಂಪನಿಯ ಕ್ಲಚ್ ಸಿಗದೆ ನಾವು ತಂದದ್ದು ಬೇರೆಯವರು ತಯಾರಿಸಿದ್ದು. ಅದಕ್ಕೆ ಎರಡೂ ಕಡೆ ಉಬ್ಬು. ಯಾವುದು ಯಾವ ಕಡೆ ಎಂದು ಹೇಳುತ್ತಿದ್ದದ್ದು ಒಂದು ಮುಖದ ಮೇಲೆ ಇಂಗ್ಲಿಷಿನಲ್ಲಿ ಮಸಿಯಿಂದ ಅಚ್ಚಾಗಿದ್ದ "ಫ್ಲೈವೀಲ್ ಸೈಡ್" ಎಂಬ ಅಕ್ಷರ ಮಾತ್ರ.

ಹೊಸ ಸಾಮಾನಿಗೆ ವಿಭೂತಿ ಇಡದೆ ಮೇಸ್ತ್ರಿ ಕೂರಿಸುತ್ತಿರಲಿಲ್ಲ. ಕೈ ತೊಳೆದು ಒರೆಸಿಕೊಂಡು ಎರಡೂ ಉಬ್ಬುಗಳನ್ನು ಸವರಿ ನೋಡಿದರು. ಒಂದು ಕೂದಲೆಳೆಯಷ್ಟು ಎತ್ತರ ಅನ್ನಿಸಿರಬೇಕು. ತಮ್ಮ ಕಡೆಗೆ, ಅಂದರೆ ಗೇರ್‌ಬಾಕ್ಸ್ ಕಡೆಗೆ ಬರಬೇಕಾದ ಮುಖ ಅದೇ ಎಂದುಕೊಂಡು, ಅಂಚಿನಲ್ಲಿ ಹಿಡಿತ ಕೊಡುವ ಲೈನಿಂಗಿಗೆ ತಾಗದಂತೆ ನಡುವಿನ ತಗಡಿನ ಮೇಲೆ ಮೂರು ಬೆರಳು ಎಳೆದರು. ವಿಭೂತಿ ಬಿದ್ದದ್ದು ಆ ಅಕ್ಷರಗಳ ಮೇಲೆ.

ಬೂದಿಯ ಅಡಿಯಲ್ಲಿ ಅಕ್ಷರ ನನಗೆ ಕಾಣುತ್ತಿತ್ತು. ಪ್ಲೇಟ್ ತಿರುವುಮುರುವಾಗಿ ಹೋಗುತ್ತಿದೆ ಎಂದೂ ಗೊತ್ತಾಯಿತು. ಆದರೆ ಪಕ್ಕದಲ್ಲೇ ರುದ್ರೇಶ ನಿಂತಿದ್ದ. ಹೇಳಿದರೆ ಮೇಸ್ತ್ರಿಯ ಕಣ್ಣಿನ ಗುಟ್ಟು ಬಯಲು. ಅವನು ಹೋಗಲಿ ಎಂದು ಕಾದೆ. ಅವನು ಹೋಗಲಿಲ್ಲ. ಆರು ಬೋಲ್ಟೂ ಬಿಗಿಯಾದವು, ಗೇರ್‌ಬಾಕ್ಸ್ ಮೇಲೇರಿತು. ಆಮೇಲೆ ಇಳಿಸಿ ಎನ್ನಲು ಬಾಯಿ ಬರಲಿಲ್ಲ. ಮೂವತ್ತು ವರ್ಷದ ಕೈ, ನನಗೇ ತಪ್ಪಿರಬಹುದು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ಟರು ಬಂದರು. ಓಡುವ ಎಂಜಿನ್ನಿನಲ್ಲಿ ಗೇರ್ ಬೀಳಲೇ ಇಲ್ಲ, ಕರಕರ ಅಂತು. ಮೇಸ್ತ್ರಿ ಎಂಜಿನ್ ಆಫ್ ಮಾಡಿ, ಫಸ್ಟ್ ಗೇರ್ ಹಾಕಿ, ಪೆಡಲ್ ಪೂರ್ತಿ ತುಳಿದು ಮತ್ತೆ ಸ್ಟಾರ್ಟ್ ಮಾಡಿದರು. ಕ್ಲಚ್ ಬಿಡಲಿಲ್ಲ. ಕಾರು ನೆಗೆದು ಎದುರಿನ ಕಬ್ಬಿಣದ ಬೆಂಚಿಗೆ ಗುದ್ದಿತು. ಬೆಂಚಿನ ಪಕ್ಕ ನಿಂತಿದ್ದ ಹೆಡ್‌ಮಾಸ್ಟರು ಒಂದು ಗೇಣಿನಲ್ಲಿ ಉಳಿದರು.

ಗೇರ್‌ಬಾಕ್ಸ್ ಇಳಿಸಿದೆವು. ಗೇರ್‌ಬಾಕ್ಸ್ ಕಡೆ ಇರಬೇಕಿದ್ದ ಅಗಲದ ಉಬ್ಬು ಫ್ಲೈವೀಲಿನ ಬೋಲ್ಟುಗಳಿಗೆ ತಾಗಿ ಸವೆದಿತ್ತು, ಅದಕ್ಕೇ ಪೆಡಲ್ ತುಳಿದರೂ ಹಿಡಿತ ಬಿಟ್ಟಿರಲಿಲ್ಲ. ರುದ್ರೇಶ ಹೆಬ್ಬೆರಳಿನಿಂದ ವಿಭೂತಿ ಒರೆಸಿ ಪ್ಲೇಟನ್ನು ಮೇಸ್ತ್ರಿಯ ಕೈಗಿಟ್ಟ. "ಏನ್ ಬರ್ದಿದೆ, ಓದಿ."

ಅವರು ಅದನ್ನು ಮೂಗಿನ ತನಕ ತಂದರು. ಬೆಳಕಿಗೆ ಹಿಡಿದರು. ಕೊನೆಗೆ ಬೆರಳಿನಿಂದ ಸವರಿದರು. "ಅಕ್ಷರ ಕೈಗೆ ಸಿಗಲ್ಲಪ್ಪ," ಅಂದರು. ರುದ್ರೇಶ ಮುಖ ತಿರುಗಿಸಿಕೊಂಡ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಲ್ಲಿಯ ಹತ್ತಿರ ಕೈ ತೊಳೆಯುತ್ತಾ ಮೇಸ್ತ್ರಿ ನನ್ನನ್ನು ಕೇಳಿದರು, "ನಿಂಗೆ ಕಾಣಿಸ್ತಿತ್ತಲ್ವಾ ಸೋಮಣ್ಣಾ?"

"ಹೂಂ ಮೇಸ್ತ್ರಿ."

"ಕಣ್ಣು ಹೋಗಿದ್ದು ನಂದು. ನಿನ್ ಬಾಯಿಗೇನಾಗಿತ್ತು?"

ಅವರು ಟಿಫನ್ ಕ್ಯಾರಿಯರ್ ತೆಗೆದುಕೊಂಡು ಹೋದರು, ಮತ್ತೆ ಕೆಲಸಕ್ಕೆ ಬರಲಿಲ್ಲ. ಹೊಸ ಪ್ಲೇಟನ್ನು ನಾನೇ ಕೂರಿಸಿದೆ. ಕಾರು ಮೆತ್ತಗೆ ಹೊರಟಿತು. ಅಷ್ಟು ಚೆನ್ನಾಗಿ ಕೂತ ಕ್ಲಚ್ ನೋಡಿ ನನಗೆ ಅಳು ಬಂತು.

ಮೂರು ತಿಂಗಳ ನಂತರ ಬಳೇಪೇಟೆಯ ಅವರ ಮನೆಗೆ ಹೋದೆ. ಮಗಳು ಕರೆದುಕೊಂಡು ಹೋಗಿ ಎರಡೂ ಕಣ್ಣಿಗೆ ಆಪರೇಷನ್ ಮಾಡಿಸಿದ್ದಳು. ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರವನ್ನು ಕೂತಲ್ಲಿಂದಲೇ ಓದಿ ತೋರಿಸಿದರು. ಒಂದೊಂದು ಕಣ್ಣಿಗೆ ಅರ್ಧ ಗಂಟೆಯ ಕೆಲಸವಂತೆ. ಗುಟ್ಟು ಕಾಪಾಡುತ್ತೇನೆಂದು ನಾನು ಅವರನ್ನು ಎರಡು ವರ್ಷ ಕುರುಡಾಗಿಯೇ ಇರಿಸಿದ್ದೆ.

"ಹಾಗಾದ್ರೆ ಬನ್ನಿ ಮೇಸ್ತ್ರಿ, ರುದ್ರೇಶನ ಹತ್ರ ನಾನ್ ಮಾತಾಡ್ತೀನಿ," ಅಂದೆ.

ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಕಣ್ಣು ಬಂತು. ಕೈ ಮೇಲಿನ ನಂಬಿಕೆ ಹೋಯ್ತಲ್ಲೋ."

ಮಾತು ಬೆಳ್ಳಿ, ಮೌನ ಬಂಗಾರ ಅಂದವರು ಗ್ಯಾರೇಜಿನಲ್ಲಿ ದುಡಿದವರಲ್ಲ. ಆಮೇಲೆ ನಾನೇ ಗ್ಯಾರೇಜು ನಡೆಸಿದ ವರ್ಷಗಳಲ್ಲೂ ವಿಭೂತಿ ಇಡುವುದನ್ನು ಬಿಡಲಿಲ್ಲ. ಆದರೆ ಮೊದಲು ಇಬ್ಬರು ಪ್ಲೇಟಿನ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಬೇಕು, ವಿಭೂತಿ ಆಮೇಲೆ. ಓದುವಾಗಲೆಲ್ಲ ನನ್ನ ದನಿ ಬೇಕಾದದ್ದಕ್ಕಿಂತ ಜೋರಾಗಿರುತ್ತಿತ್ತು. ಕೇಳಬೇಕಾದವರು ಮಾತ್ರ ಅಲ್ಲಿರುತ್ತಿರಲಿಲ್ಲ.