ಮದ್ರಾಸಿನಲ್ಲಿ ಗಾಳಿ ಹೇಗುಂಟು

ಚಂಡಮಾರುತ ಬರುತ್ತದೆ ಎಂದು ಟಿವಿಯವರು ಬಾಯಿ ಬಿಟ್ಟರೆ ಸಾಕು, ಮೈಲಾಪೂರಿನ ನಮ್ಮ ಬೀದಿಯಲ್ಲಿ ಅರ್ಧ ಗಂಟೆಯೊಳಗೆ ಹಾಲಿನ ಪ್ಯಾಕೆಟ್ಟು ಖಾಲಿ. ದಿನಕ್ಕೆ ಎರಡು ಪ್ಯಾಕೆಟ್ಟು ಸಾಕಾಗುವ ಮನೆಯವರು ಎಂಟು ಒಯ್ಯುತ್ತಾರೆ. ಮೇಣದಬತ್ತಿ, ಬ್ರೆಡ್ಡು, ಆಲೂಗಡ್ಡೆ, ಒಂದೂ ಉಳಿಯುವುದಿಲ್ಲ. ಕಾರಿದ್ದವರು ಅದು ನೀರಿನಲ್ಲಿ ಮುಳುಗದಿರಲೆಂದು ಒಯ್ದು ಫ್ಲೈಓವರಿನ ಮೇಲೆ ಸಾಲಾಗಿ ನಿಲ್ಲಿಸಿ ಆಟೋದಲ್ಲಿ ಮನೆಗೆ ಬರುತ್ತಾರೆ. ಆಮೇಲೆ ಗಾಳಿ ಆಂಧ್ರದ ಕಡೆ ತಿರುಗಿ ಇಲ್ಲಿ ಬಿಸಿಲು ಬಿದ್ದರೆ, ಇದೇ ಜನ ಇಷ್ಟೆಲ್ಲ ಬೇಕಿತ್ತಾ ಎಂದು ನಗುತ್ತಾರೆ. ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ. ಬಿಸಿಲು ಬಂದ ಮೇಲೆ ಅತಿಯಾಯಿತು ಎನ್ನಲು ಯಾರಿಗೂ ಬುದ್ಧಿ ಬೇಕಾಗುವುದಿಲ್ಲ.

ನನ್ನ ಮಗಳು ಮಾತ್ರ ಬಿಸಿಲಿಗೂ ಕಾಯುವುದಿಲ್ಲ. ನಾನು ಡ್ರಮ್ಮಿಗೆ ನೀರು ಹಿಡಿಯತೊಡಗಿದ ಕೂಡಲೇ "ಓವರಾ ಪಣ್ಣಾದಮ್ಮಾ" ಅನ್ನುತ್ತಾಳೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ಅತಿ ಮಾಡಬೇಡ ಎಂದು ಹದಿನಾಲ್ಕು ವರ್ಷದವಳಿಂದ ಹೇಳಿಸಿಕೊಳ್ಳಬೇಕಾಗಿರುವುದು ನನ್ನ ಗ್ರಹಚಾರ. ಅವಳು ಹೇಳುವುದು ಸುಳ್ಳೂ ಅಲ್ಲ. ಮನೆಯ ಕಾಗದಪತ್ರವನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೇರಿಸುವವಳು, ಮಳೆಯ ಮುನ್ಸೂಚನೆ ಹೇಳುವ ನಾಲ್ಕು ಜನರನ್ನು ಫೋನಿನಲ್ಲಿ ಹಿಂಬಾಲಿಸಿ ನಾಲ್ವರಲ್ಲಿ ಯಾರು ಹೆಚ್ಚು ಹೆದರಿಸುತ್ತಾರೋ ಅವರನ್ನೇ ನಂಬುವವಳು ನಾನು.

ಮೊದಲು ಹೀಗಿರಲಿಲ್ಲ. ನಾವು ಉಡುಪಿ ಕಡೆಯವರು. ಅಪ್ಪ ಮೈಲಾಪೂರಿನಲ್ಲಿ ಹನ್ನೆರಡು ಮೇಜಿನ ಒಂದು ಹೋಟೆಲು ನಡೆಸುತ್ತಿದ್ದರು, ಮನೆ ಅದರ ಹಿಂದುಗಡೆಯೇ ಇತ್ತು. ಮಳೆಯ ವಿಷಯದಲ್ಲಿ ನಮ್ಮವರಿಗೆ ಇರುವಷ್ಟು ಜಂಬ ಬೇರೆ ಯಾವುದರಲ್ಲೂ ಇಲ್ಲ. ಮದ್ರಾಸಿನವರು ಮಳೆ ಮಳೆ ಎಂದು ಶಾಲೆಗೆ ರಜೆ ಕೊಟ್ಟಾಗಲೆಲ್ಲ ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂತು ನಗುತ್ತಿದ್ದರು. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮೂರಿನಲ್ಲಿ ಊಟಕ್ಕೆ ಕೂತು ಏಳುವುದರೊಳಗೆ ಇಷ್ಟು ಬೀಳುತ್ತದೆ, ಇದನ್ನೂ ಮಳೆ ಅನ್ನುತ್ತಾರಲ್ಲ ಎಂದು ಗಿರಾಕಿಗಳಿಗೆಲ್ಲ ಹೇಳುವರು. ಊರಿನಲ್ಲಿ ಬಿದ್ದ ನೀರು ಇಳಿಜಾರು ಹಿಡಿದು ಸಮುದ್ರಕ್ಕೆ ಓಡುತ್ತದೆ, ಇಲ್ಲಿ ನೆಲ ಹಪ್ಪಳದ ಹಾಗೆ ಚಪ್ಪಟೆ, ನೀರಿಗೆ ಹೋಗಲು ಜಾಗವಿಲ್ಲ ಎನ್ನುವುದು ಇಷ್ಟು ವರ್ಷ ಇಲ್ಲಿದ್ದೂ ನಮಗೆ ಹೊಳೆದಿರಲಿಲ್ಲ.

ಒಂದು ವರ್ಷ ಹೊಳೆಯಿತು. ಮೂರು ದಿನ ಮುಂಚೆಯೇ ಎಚ್ಚರಿಕೆ ಕೊಟ್ಟಿದ್ದರು. ಅಪ್ಪ ಅಕ್ಕಿ, ಉದ್ದಿನ ಮೂಟೆಗಳನ್ನು ಎಂದಿನಂತೆ ನೆಲದ ಮೇಲೆಯೇ ಇಟ್ಟಿದ್ದರು. ನೀರು ಬೀದಿಯಿಂದ ಬರುತ್ತದೆ ಎಂದು ನಾವು ಬಾಗಿಲು ನೋಡುತ್ತಾ ಕೂತರೆ, ಅದು ಅಡುಗೆಮನೆಯ ಮೋರಿಯಿಂದ ಮೇಲೆದ್ದು ಬಂತು. ಉದ್ದು ನೆನೆದು ಉಬ್ಬಿ ಮೂಟೆ ಹೊಲಿಗೆ ಬಿಟ್ಟು ಒಡೆಯಿತು. ಸಾವಿರಾರು ಜನರಿಗೆ ಊಟ ಹಾಕಿದ ಅಪ್ಪ, ಬೀದಿಯ ಆ ತುದಿಯ ನನ್ನ ಮನೆಗೂ ಬರಲಾಗದೆ, ಎರಡು ದಿನ ಮಹಡಿ ಮೇಲಿನವರ ಮನೆಯಲ್ಲಿ ಕೂತು, ಅವರು ಕೊಟ್ಟ ಉಪ್ಪಿಟ್ಟು ತಿಂದರು. ಆಮೇಲೆ ಅವರು ಮಳೆಯನ್ನು ಹಂಗಿಸಿದ್ದು ನಾನು ಕೇಳಲಿಲ್ಲ. ಮರುವರ್ಷ ಎದೆನೋವಿನಲ್ಲಿ ಹೋಗಿಬಿಟ್ಟರು. ಹೋಟೆಲನ್ನು ಬೇರೆಯವರಿಗೆ ವಹಿಸಿ, ಅಮ್ಮನನ್ನು ಅದೇ ಬೀದಿಯಲ್ಲಿ ಎರಡನೇ ಮಹಡಿಯಲ್ಲಿರುವ ನನ್ನ ಮನೆಗೆ ಕರೆದುಕೊಂಡು ಬಂದೆ. ಅಲ್ಲಿಂದ ಶುರುವಾದದ್ದು ನನ್ನ ಡ್ರಮ್ಮು, ಮೇಣದಬತ್ತಿ.

ಅಮ್ಮ ಹೆದರುವವಳಲ್ಲ. ಅವಳು ಹುಟ್ಟಿದ್ದೇ ಸಮುದ್ರದ ಬದಿಯಲ್ಲಿ, ತೆಂಗಿನ ತೋಪು ದಾಟಿದರೆ ಮರಳು. ಮೈಲಾಪೂರಿಗೆ ಬಂದ ಮೇಲೂ ವಾರಕ್ಕೆ ಎರಡು ಸಲವಾದರೂ ಸಂಜೆ ಹೊತ್ತು ಕಡಲ ಬದಿಗೆ ನಡೆದು ಹೋಗುತ್ತಿದ್ದಳು. ಹೋಗಿ ಬಂದು ಇಲ್ಲಿನ ಸಮುದ್ರವನ್ನು ಬೈಯುವಳು. ಸೂರ್ಯ ಮುಳುಗದ ಸಮುದ್ರ ಎಂಥ ಸಮುದ್ರ, ಸಂಜೆ ಹೋಗಿ ನಿಂತರೆ ಬೆನ್ನ ಹಿಂದೆ ಕಟ್ಟಡಗಳ ನಡುವೆ ಎಲ್ಲೋ ಕತ್ತಲಾಗುತ್ತದೆ ಎಂದು ಅವಳ ದೂರು. ಆದರೂ ಹೋಗುವುದನ್ನು ಬಿಟ್ಟಿರಲಿಲ್ಲ. ಗಾಳಿಯ ಭಾರ, ಅಲೆಯ ಬಣ್ಣ ಎಂದೆಲ್ಲ ಬಂದು ಹೇಳುವಳು. ಆಗ ನನಗೆ ಅದೊಂದು ಕಿರಿಕಿರಿ. ಈಗ ಆ ಮಾತಿಗಾಗಿ ಎಷ್ಟು ಹಾತೊರೆಯುತ್ತೇನೆ ಎಂದು ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಆರು ವರ್ಷದ ಹಿಂದೆ, ಒಂದು ಭಾನುವಾರ ಊರಿನಿಂದ ಸೋದರಮಾವನ ಫೋನು ಬಂತು. ಅಜ್ಜಿ, ಅಂದರೆ ಅಮ್ಮನ ಅಮ್ಮ, ಮಾವನ ಜೊತೆ ಇದ್ದರು. ಹಾಸಿಗೆ ಹಿಡಿದು ತಿಂಗಳಾಗಿತ್ತು. ಊಟ ಕಡಿಮೆಯಾಗಿದೆ, ಕಣ್ಣು ಬಿಟ್ಟರೆ ನಿನ್ನನ್ನೇ ಕೇಳುತ್ತಾರೆ, ಅವಸರ ಮಾಡಬೇಕಂತಿಲ್ಲ, ಆದರೂ ಬಂದು ಹೋಗು ಎಂದು ಮಾವ ಅಮ್ಮನಿಗೆ ಹೇಳಿದ. ಅಜ್ಜಿಗೆ ಕಿವಿ ಪೂರ್ತಿ ಮಂದ, ಫೋನಿನಲ್ಲಿ ಮಾತಾಡುವ ಹಾಗಿರಲಿಲ್ಲ. ಗುರುವಾರ ಸಂಜೆಯ ಮಂಗಳೂರು ರೈಲಿಗೆ ನಾನೇ ಫೋನಿನಲ್ಲಿ ಟಿಕೆಟ್ಟು ತೆಗೆದೆ. ಅಮ್ಮ ನಾಲ್ಕು ಸೀರೆ ಮಡಚಿಟ್ಟಳು. ಅಜ್ಜಿಗೆ ಇಲ್ಲಿನ ಕಾಫಿಪುಡಿ ಎಂದರೆ ಪ್ರಾಣ ಎಂದು ಅರ್ಧ ಕಿಲೋ ಎದುರಿಗೇ ಬೀಸಿಸಿಕೊಂಡು ಬಂದಳು. ಬಾಯಿಗೆ ಒಂದು ಚಮಚ ಹೋದರೂ ಸಾಕು ಅಂದಳು.

ಮಂಗಳವಾರ ಟಿವಿಯಲ್ಲಿ ಚಂಡಮಾರುತ ಶುರುವಾಯಿತು. ಶುಕ್ರವಾರ ಬೆಳಿಗ್ಗೆ ಚೆನ್ನೈಯ ಹತ್ತಿರವೇ ದಡ ಸೇರುತ್ತದೆ ಎಂದರು. ಬುಧವಾರದ ಹೊತ್ತಿಗೆ ನನ್ನ ನಾಲ್ವರು ಜ್ಯೋತಿಷಿಗಳೂ ಒಂದೇ ಮಾತು ಹೇಳತೊಡಗಿದರು. ನನ್ನ ತಲೆಯಲ್ಲಿ ರೈಲು ಎಲ್ಲೋ ಕತ್ತಲಲ್ಲಿ ನಿಂತಿತ್ತು, ಹಳಿಯ ಮೇಲೆ ನೀರಿತ್ತು, ಎಪ್ಪತ್ತು ದಾಟಿದ ಅಮ್ಮ ಒಳಗೆ ಒಬ್ಬಳೇ ಇದ್ದಳು. ಉಬ್ಬಿ ಒಡೆದ ಮೂಟೆಯನ್ನು ಒಮ್ಮೆ ಕಣ್ಣಾರೆ ಕಂಡವಳಿಗೆ ಹೀಗೆಲ್ಲ ಕಾಣುವುದು ತಪ್ಪಲ್ಲ ಎಂದು ಈಗಲೂ ವಾದಿಸುತ್ತೇನೆ. ಆದರೆ ವಾದದಿಂದ ಏನೂ ಆಗುವುದಿಲ್ಲ.

ಗುರುವಾರ ಬೆಳಿಗ್ಗೆ ಅಮ್ಮ ಕಡಲ ಬದಿಗೆ ಹೋಗಿ ಬಂದಳು. ಗಾಳಿಗೆ ಭಾರ ಇಲ್ಲ, ಇದು ಇಲ್ಲಿಗೆ ಬರುವ ಗಾಳಿಯಲ್ಲ, ನಾನು ಹೊರಡುತ್ತೇನೆ ಅಂದಳು. ನನಗೆ ರೇಗಿತು. ನಾನು ಅಂದದ್ದು ಅಕ್ಷರ ಅಕ್ಷರವೂ ನೆನಪಿದೆ.

"ನಿನ್ನ ಸಮುದ್ರ ಆಚೆ ಕಡೆಯದ್ದು ಅಮ್ಮ. ಇದರ ವಿಷಯ ನಿನಗೆ ಎಂತ ಗೊತ್ತುಂಟು?"

ಅಮ್ಮ ನನ್ನ ಮುಖವನ್ನು ಒಂದು ಸಲ ನೋಡಿ "ಆಯ್ತು" ಅಂದಳು. ಅಷ್ಟೇ. ಜಗಳವಾಡುತ್ತಾಳೆ, ಹಟ ಹಿಡಿಯುತ್ತಾಳೆ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವಳು ಚಪ್ಪಲಿ ಬಿಟ್ಟು ಕಾಲು ತೊಳೆಯಲು ಹೋದಳು. ಅವಳ ಎದುರಿಗೇ ಟಿಕೆಟ್ಟು ರದ್ದು ಮಾಡಿದೆ. ಎರಡು ಸಲ ಬೆರಳು ಒತ್ತಿದರೆ ಮುಗಿಯುವ ಕೆಲಸ ಅದು. ಸಂಜೆ ರೈಲು ಹೊತ್ತಿಗೆ ಸರಿಯಾಗಿ ಹೊರಟಿತು.

ಗಾಳಿ ಆಂಧ್ರಕ್ಕೆ ಹೋಯಿತು. ಶುಕ್ರವಾರ ಎಂಥ ಬಿಸಿಲೆಂದರೆ ಎದುರುಮನೆಯವರು ಬಾಲ್ಕನಿಯಲ್ಲಿ ದಿಂಬು ಒಣಗಿಸಿದರು. ಎಂಟು ಪ್ಯಾಕೆಟ್ಟು ಹಾಲು ಏನು ಮಾಡುವುದೆಂದು ತಿಳಿಯದೆ ನಮ್ಮ ಕಟ್ಟಡದ ತುಂಬ ಅಂದು ಪಾಯಸ. ನಾನು ಮರುದಿನದ ರೈಲಿಗೆ ತತ್ಕಾಲ್ ಟಿಕೆಟ್ಟು ಹಿಡಿದೆ. ಎರಡು ದಿನ ತಡವಾದರೆ ಏನು ಮುಳುಗಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಶನಿವಾರ ಬೆಳಿಗ್ಗೆ ಆರಕ್ಕೆ ಮಾವನ ಫೋನು ಬಂತು. ಅಮ್ಮ ಎರಡು ಕೈಯಲ್ಲೂ ಫೋನು ಹಿಡಿದು ಕೇಳಿ, ನನಗೆ ಕೊಟ್ಟು, ದೇವರ ಗೂಡಿನ ಮುಂದೆ ಹೋಗಿ ಕೂತಳು. ಗುರುವಾರ ಹೊರಟಿದ್ದರೆ ಅವಳಿಗೆ ಅಜ್ಜಿಯ ಜೊತೆ ಒಂದಿಡೀ ಹಗಲು ಸಿಗುತ್ತಿತ್ತು.

ಇಬ್ಬರೂ ಹೋದೆವು. ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೆರಡನೆಯ ದಿನ ಊಟಕ್ಕೆ ಬಂದ ನೆಂಟರಿಗೆಲ್ಲ ಅಮ್ಮ ಒಯ್ದ ಪುಡಿಯಲ್ಲೇ ಕಾಫಿ ಮಾಡಿದರು. ಮದ್ರಾಸಿನ ಕಾಫಿ ಎಂದರೆ ಕಾಫಿ ಎಂದು ಒಬ್ಬರು ಹೊಗಳಿದರು. ಅಮ್ಮ ಕುಡಿಯಲಿಲ್ಲ. ಆ ದಿನಗಳಲ್ಲಿ ನನಗೆ ಒಂದು ಕೆಟ್ಟ ಆಸೆ ಇತ್ತು. ಆ ಗಾಳಿ ಬರಬಾರದಿತ್ತೇ, ನಮ್ಮ ಬೀದಿಯ ನಾಲ್ಕು ಮರಗಳನ್ನಾದರೂ ಕೆಡವಬಾರದಿತ್ತೇ, ಗುರುವಾರದ ರೈಲು ಎಲ್ಲಾದರೂ ನಿಂತುಹೋಗಬಾರದಿತ್ತೇ ಎಂದು ಬಯಸುತ್ತಿದ್ದೆ. ನಾನು ಮಾಡಿದ್ದು ಸರಿಯಾಗಲೆಂದು ಇಡೀ ಊರಿಗೆ ಕೇಡು ಬಯಸುವಷ್ಟು ಸಣ್ಣವಳಾಗಿದ್ದೆ.

ಅಮ್ಮ ನನ್ನನ್ನು ಬೈಯಲಿಲ್ಲ. ಆ ವಾರ ಅಲ್ಲ, ಆ ವರ್ಷ ಅಲ್ಲ, ಆಮೇಲೂ ಇಲ್ಲ. ಚೆನ್ನೈಗೆ ಮರಳಿದ ಮೇಲೆ ಕಡಲ ಬದಿಗೆ ಹೋಗುವುದನ್ನು ಬಿಟ್ಟಳು. ಮೊಣಕಾಲು ನೋವು ಅಂದಳು. ಮೊಣಕಾಲು ನೋವಿದ್ದವಳು ಕಪಾಲೀಶ್ವರನ ಗುಡಿಗೆ ಸುತ್ತು ಹಾಕುತ್ತಿದ್ದಳು, ತರಕಾರಿಗೆ ಹೋಗುತ್ತಿದ್ದಳು. ಚಂಡಮಾರುತದ ಸುದ್ದಿ ಬಂದಾಗ ನಾನು ಹೇಳಿದಲ್ಲಿ ಹೇಳಿದಷ್ಟು ನೀರು ತುಂಬಿಸಿಕೊಡುತ್ತಿದ್ದಳು. ಗಾಳಿ ಹೇಗುಂಟಮ್ಮ ಎಂದು ನಾನಾಗಿ ಕೇಳಿದರೂ, ಟಿವಿಯವರು ಹೇಳುತ್ತಾರಲ್ಲ ಅಂದುಬಿಡುವಳು. ಒಮ್ಮೆ ಅವಳು ಜೋರಾಗಿ ಬೈಯಲಿ, ನಿನ್ನಿಂದ ನನ್ನ ಅಮ್ಮ ತಪ್ಪಿದಳು ಎಂದು ನೇರ ಮುಖಕ್ಕೆ ಹೇಳಲಿ ಎಂದು ಎಷ್ಟು ಕಾದೆನೋ. ಅಡ್ಯಾರಿನ ಆಫೀಸಿನಿಂದ ಬಸ್ಸಿನಲ್ಲಿ ಬರುವಾಗ ಎಷ್ಟೋ ಸಲ, ಇವತ್ತು ನಾನೇ ಮಾತು ತೆಗೆಯುತ್ತೇನೆ ಎಂದು ನಿಶ್ಚಯಿಸಿಕೊಳ್ಳುತ್ತಿದ್ದೆ. ಮನೆಗೆ ಬಂದರೆ ಅವಳು ಕಾಫಿ ಇಟ್ಟು, ಬಿಸಿ ಇದ್ದಾಗಲೇ ಕುಡಿ ಅನ್ನುವಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹೋದ ಕಾರ್ತಿಕದಲ್ಲಿ ಮಾವ ಇಲ್ಲಿಗೆ ಬಂದ. ಕಣ್ಣಿನ ಪೊರೆ ತೆಗೆಸಲಿಕ್ಕಿತ್ತು. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಕರೆತಂದ ಮರುದಿನ ಮತ್ತೆ ಚಂಡಮಾರುತದ ಸುದ್ದಿ. ಮಾವ ಹಾಲ್‌ನಲ್ಲಿ ಮಂಚದ ಮೇಲೆ ಕಣ್ಣಿಗೆ ಪಟ್ಟಿ ಹಾಕಿಕೊಂಡು ಅಂಗಾತ ಮಲಗಿದ್ದ. ನಾನು ಬಚ್ಚಲಿನಿಂದ ಕೊಡಪಾನ ಹೊತ್ತು ಡ್ರಮ್ಮಿಗೆ ಸುರಿಯುವ ಸದ್ದು ಕೇಳಿ ನಕ್ಕ. ನೀನು ನಿನ್ನ ಅಜ್ಜಿಯದೇ ಪಡಿಯಚ್ಚು ಅಂದ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತದ್ದು ಅವನಿಗೆ ಕಾಣುವಂತಿರಲಿಲ್ಲ. ಅವನು ಹೇಳುತ್ತಾ ಹೋದ.

ಆರು ವರ್ಷದ ಹಿಂದಿನ ಆ ಶುಕ್ರವಾರ ಅಜ್ಜಿ ಟಿವಿ ಆರಿಸಲು ಬಿಡಲೇ ಇಲ್ಲವಂತೆ. ಕಿವಿ ಕೇಳದಿದ್ದರೂ ಚಿತ್ರ ನೋಡಬೇಕು. ಟಿವಿಯವರು ಯಾವುದೋ ಹಳೇ ಗಾಳಿಯ ಚಿತ್ರವನ್ನೇ ಬೆಳಗಿನಿಂದ ತಿರುಗಿಸಿ ಮುರುಗಿಸಿ ಹಾಕುತ್ತಿದ್ದರು, ಬುಡಮೇಲಾದ ಮರ, ಹಾರಿಹೋದ ತಗಡು, ದಡ ಏರಿದ ಅಲೆ. ಅಜ್ಜಿ ಅದನ್ನು ನೋಡುತ್ತಾ ಗಂಟೆಗೊಮ್ಮೆ, ಮದ್ರಾಸಿನಲ್ಲಿ ಗಾಳಿ ಹೇಗುಂಟು, ಅವಳ ಮನೆ ಉಂಟಾ, ಫೋನು ಮಾಡು ಎಂದು ಮಾವನನ್ನು ಪೀಡಿಸಿದರಂತೆ. ಮಾವ ಮಧ್ಯಾಹ್ನ ನಮಗೆ ಫೋನು ಮಾಡಿದ್ದು ನನಗೂ ನೆನಪಿತ್ತು. ಇಲ್ಲಿ ಸುಡು ಬಿಸಿಲು ಎಂದು ನಾನೇ ಹೇಳಿದ್ದೆ.

"ಅಲ್ಲಿ ಬಿಸಿಲಂತೆ ಅಮ್ಮ, ಎಂತ ಹೆದರಿಕೆಯೂ ಇಲ್ಲ ಅಂತ ಕಿವಿಯ ಹತ್ರ ಬೊಬ್ಬೆ ಹೊಡ್ದು ಹೇಳಿದೆ ಮಾರಾಯ್ತಿ," ಅಂದ ಮಾವ. "ನಂಬ್ಲೇ ಇಲ್ಲ. ಸುಳ್ಳು ಹೇಳ್ಬೇಡ, ಬಿಸಿಲಿದ್ರೆ ಅವಳು ಬರ್ತಿದ್ಲು ಅಂದ್ರು."

ನನ್ನ ಕೈಯಲ್ಲಿದ್ದ ಕೊಡಪಾನವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಜ್ಜಿ ತನ್ನ ಕೊನೆಯ ಹಗಲನ್ನು ಇಲ್ಲಿ ಬಾರದ ಗಾಳಿಗೆ ಹೆದರುತ್ತಾ ಕಳೆದಿದ್ದರು. ಆ ಗಾಳಿಯನ್ನು ಅವರ ಕೋಣೆಗೆ ತಂದು ಬಿಟ್ಟವಳು ನಾನು. ತಲೆ ಎತ್ತಿ ಬಾಗಿಲಿನ ಕಡೆ ನೋಡಿದರೆ ಅಮ್ಮ ಅಲ್ಲಿರಲಿಲ್ಲ.

ಅವಳು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಎದುರಿಗೆ ಹೆಚ್ಚುತ್ತಿದ್ದ ಬೀನ್ಸು. ನಾನು ಪಕ್ಕ ಕೂತು, ಇಷ್ಟು ವರ್ಷ ನುಂಗಿಕೊಂಡದ್ದನ್ನು ಕೊನೆಗೂ ಹೇಳಿದೆ. ನಿನ್ನನ್ನು ಹೋಗಲು ಬಿಡದೆ ಇದ್ದದ್ದು ನಾನು, ನನ್ನನ್ನು ಬೈದುಬಿಡು ಅಮ್ಮ ಅಂದೆ. ಅಮ್ಮ ನನ್ನನ್ನು ನೋಡಲಿಲ್ಲ.

"ಎಂತಕ್ಕೆ ಬೈಯುದು," ಅಂದಳು. "ನೀನು ಬೇಡ ಅಂದಾಗ ನನಗೆ ಸಮಾಧಾನವೇ ಆದದ್ದು. ಗಾಳಿಗೆ ಹೆದರಿ ಅಲ್ಲ. ಅಮ್ಮನನ್ನು ಹಾಗೆ ಹಾಸಿಗೆಯಲ್ಲಿ ನೋಡ್ಲಿಕ್ಕೆ ನನಗೆ ಧೈರ್ಯ ಇರ್ಲಿಲ್ಲ. ನೀನು ಒಂದು ನೆವ ಕೊಟ್ಟೆ, ನಾನು ಹಿಡ್ಕೊಂಡೆ. ಬಿಸಿಲಿದ್ರೆ ನಾನು ಬರ್ತಿದ್ದೆ ಅಂತ ಅಮ್ಮ ನಂಬಿದ್ರಲ್ಲ."

ಹಾಲ್‌ನಿಂದ ಮಾವ ಕಣ್ಣಿಗೆ ಹನಿ ಹಾಕುವ ಹೊತ್ತಾಯಿತೇ ಎಂದು ಕೂಗಿ ಕೇಳಿದ. ನಾನು ಏಳಲಿಲ್ಲ. ಅಮ್ಮನ ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡೆ. ಆರು ವರ್ಷದಲ್ಲಿ ಮೊದಲ ಬಾರಿ, ಎಪ್ಪತ್ತೆಂಟರ ನನ್ನ ಅಮ್ಮ ತನ್ನ ಅಮ್ಮನಿಗಾಗಿ ಗಟ್ಟಿಯಾಗಿ ಅತ್ತಳು.