ಶುಕ್ರವಾರದ ಮೊಳೆ

ಕೊಟ್ಟೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಲೌಸು ಹೊಲಿಯುತ್ತೇನೆ. ನನ್ನ ಮೇಲೆ ಸಾಹೇಬರಿಲ್ಲ, ಹಾಜರಿ ಹಾಕುವವರಿಲ್ಲ. ಹಾಗಾಗಿ ಊರವರೆಲ್ಲ ನನಗೆ ಸಾಹೇಬರೇ. ಹಾಲು ಕಾಯಿಸುವ ಹೊತ್ತಿಗೆ ಒಬ್ಬಳು ಬಂದು ತೋಳು ಬಿಗಿಯಾಯಿತು ಎನ್ನುತ್ತಾಳೆ. ಊಟಕ್ಕೆ ಕೂತರೆ ಇನ್ನೊಬ್ಬಳು "ನೀ ಉಣ್ಣವಾ, ನಾ ಕುಂತಿರ್ತೀನಿ" ಎಂದು ಎದುರಿಗೇ ಕೂತುಬಿಡುತ್ತಾಳೆ. ಒಬ್ಬರು ನೋಡುತ್ತ ಕೂತಿದ್ದರೆ ಗಂಟಲಲ್ಲಿ ರೊಟ್ಟಿ ಇಳಿಯುತ್ತದೆಯೇ? "ಹೆಂಗೂ ಮನಿಯಾಗ ಇರ್ತಿಯಲ್ಲ" ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬಹಳ ವರ್ಷ ಎಲ್ಲರಿಗೂ ಹೂಂ ಎಂದೇ ಕಾಲ ಕಳೆದೆ. ಬಂದ ಬಟ್ಟೆಯನ್ನೆಲ್ಲ ಇಸಿದುಕೊಳ್ಳುವುದು, "ನಾಳಿ ಬರ್ರಿ" ಎನ್ನುವುದು, ನಾಳೆ ಬಂದವರಿಗೆ ಮತ್ತೆ ನಾಳೆ ತೋರಿಸುವುದು. ನಾಳೆ ಎಂದವರ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳದ ದಿನಗಳಿದ್ದವು. "ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದು ನನ್ನ ಗಂಡ ನಗುತ್ತಲೇ ಚುಚ್ಚುತ್ತಿದ್ದರು. ಹೋದ ದೀಪಾವಳಿಯಲ್ಲಿ ಇಬ್ಬರು ಹೆಂಗಸರು ಒಂದೇ ಹೊತ್ತಿಗೆ ಬಂದು, ಇಬ್ಬರ ಬ್ಲೌಸೂ ಆಗಿರದೆ, ನನ್ನ ಬಾಗಿಲಲ್ಲೇ ನನ್ನ ಮರ್ಯಾದೆ ತೆಗೆದರು. ಹಬ್ಬದ ಮರುದಿನವೇ ಗೋಡೆಗೆ ಸಾಲಾಗಿ ಆರು ಮೊಳೆ ಹೊಡೆದೆ.

ದಿನಕ್ಕೊಂದು ಮೊಳೆ. ಸೋಮವಾರ ಕತ್ತರಿ ಮುಟ್ಟುವುದಿಲ್ಲ. ಒಂದು ದಿನದಲ್ಲಿ ಎಷ್ಟು ಹೊಲಿಯಬಲ್ಲೆನೋ ಅಷ್ಟೇ ಬಟ್ಟೆಯ ಚೀಲ ಆ ಮೊಳೆಗೆ. ತುಂಬಿತೆಂದರೆ ಮುಗಿಯಿತು, ಮುಂದಿನ ವಾರ. ಬಟ್ಟೆ ಇಸಿದುಕೊಳ್ಳುವುದು, ಅಳತೆ ತೆಗೆಯುವುದು ಎಲ್ಲ ಸಂಜೆ ನಾಲ್ಕರ ಮೇಲೆ. ಅಲ್ಲಿಯವರೆಗೆ ಬಾಗಿಲು ಮುಚ್ಚಿರುತ್ತದೆ. ಮೊದಮೊದಲು ಓಣಿಯಲ್ಲಿ "ಬ್ಯಾಂಕ್ ಮ್ಯಾನೇಜರ್ ಆಗ್ಯಾಳ ನೋಡ್ರಿ" ಎಂದು ಆಡಿಕೊಂಡರು. ಆಡಿಕೊಳ್ಳಲಿ. ಹೇಳಿದ ದಿನಕ್ಕೆ ಬ್ಲೌಸು ಕೈಗೆ ಸಿಗತೊಡಗಿದ ಮೇಲೆ ಅವರೇ ನಾಲ್ಕು ಗಂಟೆಗೆ ಕಟ್ಟೆಯ ಮೇಲೆ ಸಾಲಾಗಿ ಕೂರುವುದನ್ನು ಕಲಿತರು. ಬಿಸಿ ರೊಟ್ಟಿ ತಿಂದೆ. ಮಧ್ಯಾಹ್ನ ಅರ್ಧ ತಾಸು ಕಣ್ಣು ಮುಚ್ಚಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಜಂಬ ಬಂದಿತ್ತು.

ನನ್ನ ಅಕ್ಕ ಹಂಪಸಾಗರದಲ್ಲಿರುತ್ತಾಳೆ. ನಾವು ಸಣ್ಣವರಿದ್ದಾಗಲೇ ಅವ್ವ ತೀರಿಕೊಂಡಳು. ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳೂ ಅಕ್ಕ, ಮುಂದೆ ನಿಂತು ಮದುವೆ ಮಾಡಿದವಳೂ ಅಕ್ಕ. ಅವಳಿಗೊಬ್ಬಳೇ ಮಗಳು, ಹರಪನಹಳ್ಳಿಗೆ ಕೊಟ್ಟಿದ್ದಾರೆ. ಅಕ್ಕ ನಮ್ಮ ಮನೆಗೆ ಬರುವಾಗ ಎಂದೂ ಫೋನು ಮಾಡಿ ಬಂದವಳಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಇಳಿದು, ನೇರ ಅಡುಗೆಮನೆಗೇ ಬಂದು ನೀರು ಕುಡಿಯುವವಳು. ಈ ಚಳಿಗಾಲ ಮುಗಿದು ಬಿಸಿಲು ಏರುತ್ತಿದ್ದಾಗ ಒಂದು ದಿನ ಬಂದಳು. ನನ್ನ ಬಾಗಿಲು ಮುಚ್ಚಿತ್ತು.

ಒಳಗೆ ಹೊಲಿಯುತ್ತಿದ್ದ ನನಗೆ ಹೊರಗೆ ಯಾರೋ ಕೆಮ್ಮಿದ್ದು ಕೇಳಿಸಿತು. ಯಾರೋ ಹೊತ್ತಿಗೆ ಮೊದಲೇ ಬಂದು ಕೂತಿದ್ದಾರೆ, ಕೂತಿರಲಿ ಎಂದು ಯಂತ್ರ ತುಳಿದೆ. ನಾಲ್ಕಕ್ಕೆ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಮೂವರು ಹೆಂಗಸರ ನಡುವೆ ಅಕ್ಕ. ಬಿಸಿಲಿಗೆ ಮುಖ ಬಾಡಿತ್ತು.

"ಬಾಗಿಲ ಬಡೀಬೇಕಿಲ್ಲೇನಕ್ಕಾ?" ಎಂದೆ.

"ನಿನ್ನ ಕೆಲಸದ ಹೊತ್ತು, ಬಡದ್ರ ಸಿಟ್ಟು ಮಾಡ್ತಾಳ ಅಂದ್ರು ಇವರು. ಯಾಕ ಕೆಡಸಬೇಕು ಅಂತ ಕುಂತೆ."

ಆಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಕ್ಕನೂ ನನ್ನ ಕೆಲಸಕ್ಕೆ ಬೆಲೆ ಕೊಟ್ಟಳಲ್ಲ ಎಂದು ಖುಷಿಯಾಯಿತು. ಅದನ್ನು ನೆನೆದರೆ ಈಗ ನನ್ನನ್ನು ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಒಬ್ಬಳ ಬೆನ್ನಿಗೆ ಟೇಪು ಹಿಡಿದಿದ್ದೆ. ಅಕ್ಕ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಒಂದೀಟು ಒಳಗ ಬರ್ತಿಯೇನವಾ?" ಎಂದಳು.

"ಇವರನ್ನೆಲ್ಲಾ ಮುಗಿಸಿ ಬರ್ತೀನಕ್ಕಾ, ಕುಂದ್ರು."

ಕೂತಳು. ಎರಡು ಸಲ ಗೋಡೆಯ ಗಡಿಯಾರ ನೋಡಿದಳು. ಬಸ್ಸಿನ ಹೊತ್ತಾಗುತ್ತಿದೆ ಎಂದು ನನಗೆ ತಿಳಿದಿತ್ತು, ಆದರೂ ಟೇಪು ಕೆಳಗಿಡಲಿಲ್ಲ. ಕೊನೆಗೆ ಅವಳೇ ಎದ್ದು ಚೀಲದಿಂದ ಒಂದು ಗಂಟು ತೆಗೆದು ಮೇಜಿನ ಮೇಲಿಟ್ಟಳು. ಬಿಳಿ ಟವೆಲಿನಲ್ಲಿ ಬಿಗಿಯಾಗಿ ಕಟ್ಟಿದ್ದಳು.

"ಇದು ಗುರುವಾರದೊಳಗ ಬೇಕಾಗಿತ್ತು. ಮಗಳದು. ಅಳತಿ ಜಂಪರಾನೂ ಇದರಾಗ ಐತಿ."

"ಈ ವಾರದ ಮೊಳಿ ಎಲ್ಲಾ ತುಂಬ್ಯಾವಕ್ಕಾ. ಮುಂದಿನ ಶುಕ್ರವಾರಕ್ಕ ಹಾಕ್ತೀನಿ. ನಿನಗೊಂದು ನ್ಯಾಯ, ಇವರಿಗೊಂದು ನ್ಯಾಯ ಮಾಡಿದ್ರ ಇವರು ನನ್ನ ಬಿಡ್ತಾರನು?"

ಹೆಂಗಸರು ನಕ್ಕರು. "ಖರೇ ಐತಿ ಬಿಡು" ಎಂದಳು ಒಬ್ಬಳು. ಅಕ್ಕನೂ ನಕ್ಕಳು. ನಾನು ಗಂಟನ್ನು ಒಂದು ಚೀಲಕ್ಕೆ ಹಾಕಿ ಶುಕ್ರವಾರದ ಮೊಳೆಗೆ, ಈ ವಾರದ ಚೀಲಗಳ ಹಿಂದೆ, ತೂಗುಹಾಕಿದೆ. ಬಿಚ್ಚಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಎದ್ದು ತಾನೇ ಅದನ್ನು ಇಳಿಸಿಕೊಂಡಳು.

"ಬ್ಯಾಡ ತಗಿ, ಅಂಥಾ ಅವಸರ ಏನಿಲ್ಲ. ಮತ್ತೊಮ್ಮೆ ತರ್ತೀನಿ. ಬಸ್ಸು ಹೋಗತೈತಿ."

"ಚಾನಾದ್ರೂ ಕುಡದು ಹೋಗಕ್ಕಾ" ಎಂದೆ, ಟೇಪು ಹಿಡಿದುಕೊಂಡೇ. ಅವಳು ಆಗಲೇ ಮೆಟ್ಟಿಲು ಇಳಿದಿದ್ದಳು.

ಕೆಲವು ದಿನ ಕಳೆದ ಮೇಲೆ ಹರಪನಹಳ್ಳಿಯಿಂದ ಅಕ್ಕನ ಮಗಳು ಫೋನು ಮಾಡಿದಳು. "ಚಿಗವ್ವಾ, ನನ್ನ ಮ್ಯಾಲೆ ಸಿಟ್ಟೇನು?" ಎಂದಳು. ಯಾಕೆ ಸಿಟ್ಟು ಎಂದೆ. "ಕಳ್ಳ ಕುಬುಸಕ್ಕ ನೀನು ಬರ್ತಿ ಅಂತ ದಾರಿ ನೋಡಿದೆ. ನಿನಗ ಕೆಲಸ ಭಾಳ ಐತಂತ, ಅವ್ವ ಅಂದ್ಳು."

ನಮ್ಮಲ್ಲಿ ಮಗಳು ಬಸುರಿ ಎಂದು ತಿಳಿದಾಗ, ಊರಿಗೆಲ್ಲ ಸುದ್ದಿಯಾಗುವ ಮುಂಚೆ, ತವರಿನ ಒಬ್ಬಿಬ್ಬರು ಹೆಂಗಸರು ಸದ್ದಿಲ್ಲದೆ ಹೋಗಿ ಅವಳಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬುಸ ತೊಡಿಸಿ, ಉಡಿ ತುಂಬಿ ಬರುತ್ತಾರೆ. ಅದೇ ಕಳ್ಳ ಕುಬುಸ. ಅದನ್ನು ಫೋನಿನಲ್ಲಿ ಹೇಳುವುದಿಲ್ಲ, ನಾಲ್ಕು ಜನರ ಮುಂದೆ ಹೇಳುವುದಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಹುಡುಗಿಗೆ ನಿಂತ ಬಸುರು. ಅವಳ ಜೊತೆ ದಾವಣಗೆರೆಯ ಆಸ್ಪತ್ರೆಗಳಿಗೆ ಅಲೆದವಳು ನಾನು. ಆ ಸುದ್ದಿಯನ್ನು ಎಲ್ಲರಿಗಿಂತ ಮೊದಲು ನನ್ನ ಕಿವಿಯಲ್ಲಿ ಹೇಳಬೇಕೆಂದೇ ಅಕ್ಕ ಎರಡು ಬಸ್ಸು ಹತ್ತಿ ಬಂದು ಬಿಸಿಲಲ್ಲಿ ಕೂತಿದ್ದಳು. ಆ ಗಂಟನ್ನು ಒಂದು ಸಲ ಬಿಚ್ಚಿದ್ದರೆ ಸಾಕಿತ್ತು. ಹಸಿರು ಖಣ ಕಂಡರೆ ನಮ್ಮ ಕಡೆಯ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿದ್ದ ಹೆಂಗಸರಿಗೂ ತಿಳಿದುಬಿಡುತ್ತದೆ ಎಂದೇ ಅವಳು ಅಷ್ಟು ಬಿಗಿಯಾಗಿ ಕಟ್ಟಿ ತಂದಿದ್ದು.

ಅವ್ವನಿಲ್ಲದ ನನಗೆ ಕಳ್ಳ ಕುಬುಸ ಮಾಡಿದವಳು ಇದೇ ಅಕ್ಕ. ಆಗ ಅವಳ ಮನೆಯಲ್ಲಿ ಶೇಂಗಾ ಕೀಳುವ ಕಾಲ, ಆಳುಗಳಿಗೆ ಬುತ್ತಿ ಕಟ್ಟಬೇಕಿತ್ತು. ಎಲ್ಲವನ್ನೂ ಬಿಟ್ಟು ಬಂದಿದ್ದಳು. ಬಿಡುವಿದೆಯೇ ಎಂದು ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಮಗಳ ಕುಬುಸವನ್ನು ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಗುರುತಿಲ್ಲದ ದರ್ಜಿಯ ಹತ್ತಿರ ಹೊಲಿಸಿದಳಂತೆ. ತೋಳು ಸಡಿಲವಾಗಿತ್ತಂತೆ. ಮೊಳೆ ಹೊಡೆದದ್ದು ತಪ್ಪು ಎಂದು ನಾನು ಈಗಲೂ ಒಪ್ಪುವುದಿಲ್ಲ. ಅವು ಇಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ. ಆದರೆ ಅಕ್ಕನನ್ನು ಅದೇ ಸಾಲಿನಲ್ಲಿ ಕೂರಿಸು ಎಂದು ಯಾವ ಮೊಳೆ ನನಗೆ ಹೇಳಿತ್ತು?

ಅವತ್ತೇ ಅಕ್ಕನಿಗೆ ಫೋನು ಮಾಡಿದೆ. ಬೈಯಲಿ, ಬೈದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. "ತಪ್ಪಾತಕ್ಕಾ" ಎಂದು ಅತ್ತೆ.

"ಹುಚ್ಚಿ, ಯಾಕ ಅಳ್ತಿ? ನೀನು ದುಡ್ಯಾಕಿ, ನಿನ್ನ ಕೆಲಸ ನಿನಗ" ಎಂದಳು. ಆಮೇಲೆ, "ಏಳನೇ ತಿಂಗಳದಾಗ ಎಲ್ಲಾರನ್ನೂ ಕರದು ದೊಡ್ಡ ಕುಬುಸ ಮಾಡಬೇಕು. ಬೀಗರು ದಿನ ಕೇಳ್ಯಾರ, ನಾನಿನ್ನೂ ಹೇಳಿಲ್ಲ. ನಿನಗ ಯಾವ ವಾರ ಪುರುಸೊತ್ತೈತಿ ಹೇಳವಾ, ಅದನ್ನ ನೋಡಿ ದಿನ ಇಡ್ತೀವಿ."

ಆ ದನಿಯಲ್ಲಿ ಕೊಂಕಿರಬಹುದೇನೋ ಎಂದು ಹುಡುಕಿದೆ. ಇರಲಿಲ್ಲ. ಅವಳು ನಿಜವಾಗಿಯೇ ಕೇಳುತ್ತಿದ್ದಳು.

"ಈಗ ಹೇಳಬೇಕಂತಿಲ್ಲ, ನೋಡಿಕೊಂಡು ಹೇಳು" ಎಂದು ಅಕ್ಕ ಫೋನು ಇಟ್ಟಳು.