ಬಿಚ್ಚಿ ನೇಯ್ದ ಆರು ಎಳೆ

ಚಂದ್ರಮತಿಗೆ ಕೆಟ್ಟ ಅಂಚನ್ನು ಕಂಡರೆ ಆಗುತ್ತಿರಲಿಲ್ಲ. ಕೆಲವರಿಗೆ ಹಲ್ಲಿಯನ್ನು ಕಂಡರೆ ಆಗುವುದಿಲ್ಲ, ಕೆಲವರಿಗೆ ನಾದಿನಿಯನ್ನು ಕಂಡರೆ ಆಗುವುದಿಲ್ಲ; ಇವಳಿಗೆ ಬಟ್ಟೆಯ ಅಂಚು ಡೊಂಕಾಗಿದ್ದರೆ ಊಟ ಸೇರುತ್ತಿರಲಿಲ್ಲ. ಇದು ಹುಟ್ಟಿದ ಮನೆಯಿಂದ ತಂದ ಕಾಯಿಲೆ. ಕಿನ್ನಿಗೋಳಿಯ ಹತ್ತಿರ ಅವಳ ತಂದೆ ಸೇಸಪ್ಪ ಶೆಟ್ಟಿಗಾರರು ಕೈಮಗ್ಗದಲ್ಲಿ ಉಡುಪಿ ಸೀರೆ ನೇಯುತ್ತಿದ್ದರು. ಸಂಜೆ ಮಗ್ಗ ಬಿಟ್ಟು ಏಳುವ ಮೊದಲು ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸುವರು. ಎಲ್ಲಿ ಬೆರಳು ತಡೆಯಿತೋ ಅಲ್ಲಿಯವರೆಗೆ ಬಿಚ್ಚಬೇಕು. ನೇಯ್ದದ್ದು ಹೆಂಡತಿಯಾದರೂ ಸರಿ, ಮಗಳಾದರೂ ಸರಿ. ಹದಿನಾಲ್ಕಕ್ಕೆ ಮಗ್ಗಕ್ಕೆ ಕೂತ ಚಂದ್ರಮತಿ ಮೊದಲ ವರ್ಷ ನೇಯ್ದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಮದುವೆಯಾಗಿ ದುಬೈಗೆ ಬಂದ ಮೇಲೆ ಮಗ್ಗ ತಪ್ಪಿಹೋಯಿತು. ಗಂಡ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಮಗ ರಿತೇಶ ಕಾಲೇಜಿಗೆಂದು ಮಂಗಳೂರಿಗೆ ಹೋದ ಮೇಲೆ ಅಲ್ ಕುಸೈಸಿನ ಫ್ಲ್ಯಾಟಿನಲ್ಲಿ ಇಡೀ ದಿನ ಗೋಡೆ ನೋಡಿಕೊಂಡು ಕೂರಲಾಗದೆ ಅವಳೂ ಕೆಲಸ ಹುಡುಕಿದಳು. ಕೆಲಸಕ್ಕೆ ಜನರನ್ನು ಒದಗಿಸುವ ಒಂದು ಕಂಪನಿ 2015ರಲ್ಲಿ ಅವಳಿಗೆ ನೀಲಿ ಕೋಟು ತೊಡಿಸಿ ಕ್ರೀಕ್ ಬಳಿಯ ವಸ್ತ್ರ ಮ್ಯೂಸಿಯಮ್ಮಿಗೆ ಕಳುಹಿಸಿತು. ಮೇಲಿನ ಹಾಲ್‌ನಲ್ಲಿ ಹಳೆಯ ಉಡುಪುಗಳ ಪಕ್ಕ ನಿಂತು, ಬಂದವರಿಗೆ ಮೂರು ಭಾಷೆಯಲ್ಲಿ ‘ಮುಟ್ಟಬೇಡಿ’ ಎನ್ನುವುದು ಅವಳ ಕೆಲಸ. ಆ ಮಾತನ್ನು ಅವಳು ಎಲ್ಲರಿಗೂ ಹೇಳಿದಳು, ತನಗೊಬ್ಬಳಿಗೆ ಹೇಳಿಕೊಳ್ಳಲಿಲ್ಲ.

ಮ್ಯೂಸಿಯಮ್ಮಿನ ಕೆಳಗಿನ ಕೋಣೆಯಲ್ಲಿ ಪ್ರತಿ ಶನಿವಾರ ಸಾರ್ವಜನಿಕರಿಗೆ ಕಾರ್ಯಾಗಾರ ನಡೆಯುತ್ತಿತ್ತು. ಒಂದು ಮೂಲೆಯಲ್ಲಿ ಎಮಿರಾಟಿ ಅಜ್ಜಿಯೊಬ್ಬರು ಉಡುಪಿನ ಅಂಚಿಗೆ ಹಾಕುವ ‘ತಲ್ಲಿ’ ಎಂಬ ಬೆಳ್ಳಿ ಎಳೆಯ ಪಟ್ಟಿ ಹೆಣೆಯುವುದನ್ನು ಕಲಿಸುವರು, ಇನ್ನೊಂದು ಮೂಲೆಯಲ್ಲಿ ಮಕ್ಕಳು ಬಣ್ಣ ಅದ್ದುವರು. ನಡುವೆ ಒಂದು ಮಗ್ಗ. ಬಂದವರು ಬೇಕಾದ ಬಣ್ಣದ ದಪ್ಪ ನೂಲು ಆರಿಸಿಕೊಂಡು ಆರೆಂಟು ಎಳೆ ನೇಯ್ದು ಏಳಬೇಕು, ಮುಂದಿನವರು ಅಲ್ಲಿಂದಲೇ ಮುಂದುವರಿಸಬೇಕು. ವರ್ಷದ ಕೊನೆಗೆ ಆ ಬಟ್ಟೆಯನ್ನು ‘ಊರಿನ ಕೈಗಳು ನೇಯ್ದದ್ದು’ ಎಂದು ಮುಂಬಾಗಿಲಲ್ಲಿ ತೂಗುಹಾಕುವುದು. ಈ ಯೋಚನೆ ಕಾರ್ಯಕ್ರಮ ನೋಡಿಕೊಳ್ಳುವ ಪರ್ಲ್ ಎಂಬ ಹುಡುಗಿಯದು. ಮಂಗಳೂರಿನ ಬೆಂದೂರಿನವಳು, ಇಪ್ಪತ್ತಾರು ವರ್ಷ, ನಡೆಯುವುದಕ್ಕಿಂತ ಓಡುವುದೇ ಹೆಚ್ಚು.

ಸಂಜೆ ಆರಕ್ಕೆ ಎಲ್ಲರೂ ಹೋದ ಮೇಲೆ ಮಗ್ಗಕ್ಕೆ ಬಟ್ಟೆ ಹೊದಿಸುವ ಕೆಲಸ ಚಂದ್ರಮತಿಯದು. ಕಂಪನಿ ಬಸ್ಸು ಬರುವುದು ಏಳಕ್ಕೆ. ಮೊದಲ ಶನಿವಾರವೇ ಅವಳ ಹೆಬ್ಬೆರಳು ಅಂಚಿನ ಮೇಲೆ ಓಡಿತು. ಅಯ್ಯೋ, ಒಂದು ಕಡೆ ಹೊಟ್ಟೆ ಬಂದಿದೆ, ಇನ್ನೊಂದು ಕಡೆ ಸೊಂಟದಂತೆ ಒಳಗೆ ಸರಿದಿದೆ. ಯಾರೂ ನೋಡುವವರಿರಲಿಲ್ಲ. ಕೂತಳು, ಕೆಟ್ಟು ಹೋದಲ್ಲಿಯವರೆಗೆ ಬಿಚ್ಚಿದಳು, ಅದದೇ ಬಣ್ಣದಲ್ಲಿ, ಅಷ್ಟಷ್ಟೇ ಎಳೆ, ಹೊಸದಾಗಿ ನೇಯ್ದಳು. ಬಸ್ಸಿನಲ್ಲಿ ಎಷ್ಟೋ ವರ್ಷಗಳ ಮೇಲೆ ಅವಳಿಗೆ ಮೈ ಹಗುರವೆನಿಸಿತು. ಹೀಗೆ ನಾಲ್ಕು ತಿಂಗಳು ನಡೆಯಿತು. ಜನ ಎಷ್ಟು ಬೇಗ ಕಲಿಯುತ್ತಾರೆ ಎಂದು ಪರ್ಲ್ ತನ್ನ ಮೇಲಿನವರಿಗೆ ವರದಿ ಬರೆದಳು. ಪಾಪ, ಅವಳಿಗೇನು ಗೊತ್ತು.

ಮಾರ್ಚ್ ತಿಂಗಳ ಒಂದು ಶನಿವಾರ ಕೊನೆಯಲ್ಲಿದ್ದದ್ದು ಆರು ಹಸಿರು ಎಳೆ. ಅಷ್ಟು ಕೆಟ್ಟ ನೇಯ್ಗೆಯನ್ನು ಚಂದ್ರಮತಿ ಜನ್ಮದಲ್ಲಿ ಕಂಡಿರಲಿಲ್ಲ. ನೂಲು ಒಂದೆಡೆ ಕುಣಿಕೆಯಂತೆ ಹೊರಗೆ ಜೋತುಬಿದ್ದಿತ್ತು. ಕೂತವರಿಗೆ ಸ್ವಲ್ಪವಾದರೂ ಲಕ್ಷ್ಯ ಬೇಡವೇ ಎಂದು ಬೈದುಕೊಂಡೇ ಬಿಚ್ಚಿದಳು. ನೇಯ್ದವರು ಯಾರೆಂದು ಅವಳು ನೋಡಿರಲಿಲ್ಲ. ಆ ಹೊತ್ತಿಗೆ ಅವಳು ಮೇಲಿನ ಹಾಲ್‌ನಲ್ಲಿದ್ದಳು.

ಮುಂದಿನ ಶನಿವಾರ ಬಾಗಿಲು ತೆರೆಯುತ್ತಲೇ ಗಂಡಹೆಂಡಿರಿಬ್ಬರು ಬಂದರು. ಅಲ್ ಕುಸೈಸಿನಲ್ಲಿ ಗ್ರೋಸರಿ ಇಟ್ಟಿರುವ ಕುಂಞಾಲಿ, ಅವರ ಹೆಂಡತಿ ಸೌದಾ; ಉಳ್ಳಾಲದ ಬ್ಯಾರಿಗಳು. ಹೆಂಗಸಿನ ಬಲಗಾಲು ಎಳೆಯುತ್ತಿತ್ತು. ಪರ್ಲ್ ಓಡಿಬಂದು ಕುರ್ಚಿ ಕೊಟ್ಟಳು. ನೆಲ ಒರೆಸಿದವರು ಅತ್ತಿತ್ತ ಬಿಟ್ಟುಹೋದ ಕುರ್ಚಿಗಳನ್ನು ಸಾಲಾಗಿ ಇಡುತ್ತ ಚಂದ್ರಮತಿ ಅಲ್ಲೇ ಇದ್ದಳು.

“ಇವಳಿಗೆ ಸ್ಟ್ರೋಕ್ ಆಗಿ ಏಳು ತಿಂಗಳಾಯ್ತು,” ಎಂದರು ಕುಂಞಾಲಿ, ಯಾರಿಗೆಂದಿಲ್ಲದೆ. “ಬಲಗೈಯಲ್ಲಿ ಚಮಚ ಸಹ ಹಿಡೀಲಿಕ್ಕೆ ಆಗ್ತಿರಲಿಲ್ಲ ಮಾರಾಯ್ರೆ. ಹೋದ ವಾರ ಇಲ್ಲಿ ಕೂತು ಅದೇ ಕೈಯಲ್ಲಿ ಆರು ಸಲ ಲಾಳಿ ದಾಟಿಸಿದ್ಳು. ಒಂದು ಗಂಟೆ ಹಿಡೀತು. ಅದನ್ನು ಇನ್ನೊಮ್ಮೆ ನೋಡ್ಬೇಕಂತೆ.”

ಸೌದಾ ಬಟ್ಟೆಯ ಮೇಲೆ ಬಗ್ಗಿದರು. ಹಸಿರಿನ ಮೇಲೆ ಕೈಯಾಡಿಸಿದರು. ಆಮೇಲೆ ನಿಧಾನವಾಗಿ, “ಇದು ನಂದಲ್ಲ,” ಎಂದರು.

“ನಿಮ್ಮದೇ ಆಂಟಿ, ಹಸಿರು ತಗೊಂಡದ್ದು ನೀವೊಬ್ರೇ,” ಎಂದಳು ಪರ್ಲ್. “ಎಷ್ಟು ಚಂದ ಬಂದಿದೆ ನೋಡಿ.”

“ನಂದು ಹೀಗೆ ಇರ್ಲಿಲ್ಲ. ಬದಿಯಲ್ಲಿ ನೂಲು ಹೊರಗೆ ಬಂದಿತ್ತು.”

“ನಿನಗೆ ನೆನಪಿಲ್ಲ ಅಷ್ಟೆ,” ಎಂದರು ಕುಂಞಾಲಿ ಮೆತ್ತಗೆ. “ಇರ್ಲಿ ಬಿಡು. ಡಾಕ್ಟ್ರು ಹೇಳಿದ್ರಲ್ಲ, ಮರೆವು ಸ್ವಲ್ಪ ಇರ್ತದೆ ಅಂತ.”

ಅವರು ಸಮಾಧಾನಕ್ಕೇ ಅಂದದ್ದು. ಆದರೆ ಆ ಮಾತಿಗೆ ಸೌದಾ ಬಟ್ಟೆಯ ಮೇಲಿಂದ ಕೈ ತೆಗೆದುಬಿಟ್ಟರು. ಇಷ್ಟು ದಿನ ಕೈಯೊಂದು ಹೋಗಿದೆ ಎಂದುಕೊಂಡಿದ್ದವರು ಅವರು. ಈಗ ತಲೆಯೂ ಹೋಯಿತೇ ಎಂದು ಗಂಡನ ಮುಖ ನೋಡಿದರು, ಪರ್ಲ್‌ಳ ಮುಖ ನೋಡಿದರು. ಇಬ್ಬರೂ ನಗುನಗುತ್ತ ತಲೆಯಾಡಿಸಿದರು.

ಚಂದ್ರಮತಿ ಎತ್ತಿದ ಕುರ್ಚಿಯನ್ನು ಕೆಳಗಿಟ್ಟಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಬಾಯಿಬಿಟ್ಟರೆ ಕೆಲಸ ಹೋಗಬಹುದು, ಕೆಲಸದೊಂದಿಗೆ ಈ ಮಗ್ಗವೂ. ಒಂದೆರಡು ಕ್ಷಣ ಅವಳು ಸುಮ್ಮನಿದ್ದದ್ದೂ ನಿಜ; ಆ ಎರಡು ಕ್ಷಣಕ್ಕಾಗಿ ಅವಳು ಆಮೇಲೆ ಬಹಳ ದಿನ ನಾಚಿಕೊಂಡಳು.

“ಅಕ್ಕ, ನಿಮ್ಮ ನೆನಪು ಸರಿ ಉಂಟು,” ಎಂದಳು. “ನೀವು ನೇಯ್ದದ್ದನ್ನು ಬಿಚ್ಚಿದವಳು ನಾನು. ಅಂಚು ಕೆಟ್ಟಿತ್ತು ಅಂತ ನಾನೇ ಬೇರೆ ನೇಯ್ದೆ. ತಪ್ಪಾಯ್ತು.”

ಪರ್ಲ್ ಬಟ್ಟೆಯ ಮೇಲಿನ ಬೇರೆ ಬಣ್ಣಗಳನ್ನೆಲ್ಲ ನೋಡಿದಳು. “ಚಂದ್ರಕ್ಕ, ಇದೊಂದೇನಾ?”

“ಅಲ್ಲ ಮೇಡಂ. ಶುರುವಿನಿಂದಲೂ. ಮುಕ್ಕಾಲು ಭಾಗ ನಂದೇ.”

ಪರ್ಲ್ ಕುರ್ಚಿ ಹುಡುಕಿ ಕೂತಳು. ವರದಿ ನೆನಪಾಗಿರಬೇಕು.

ಕುಂಞಾಲಿಗೆ ಸಿಟ್ಟು ನೆತ್ತಿಗೇರಿತು. “ಎಂತ ಕೆಲಸ ಇದು? ಆ ಆರು ಎಳೆಗೆ ಇವಳು ಮನೆಗೆ ಬಂದು ಅತ್ತಿದ್ದಾಳೆ, ಖುಷಿಯಲ್ಲಿ—”

“ನೀವು ಸ್ವಲ್ಪ ಸುಮ್ಮನಿರಿ,” ಎಂದರು ಸೌದಾ. ಅವರು ಚಂದ್ರಮತಿಯ ಕೈ ಹಿಡಿದುಕೊಂಡಿದ್ದರು, ಅದೂ ಬಲಗೈಯಲ್ಲಿ. “ಇನ್ನೊಂದು ಸಲ ಹೇಳು. ನಾನು ಹೇಳಿದ್ದು ಸರಿ ಅಲ್ವಾ? ನೂಲು ಹೊರಗೆ ಇತ್ತಲ್ವಾ?”

“ಇತ್ತು ಅಕ್ಕ. ಮೂರನೇ ಎಳೆಯಲ್ಲಿ.”

“ಕೇಳಿದ್ರಾ?” ಎಂದು ಸೌದಾ ಗಂಡನ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು. “ಮೂರನೇದರಲ್ಲಿ.”

ಆಮೇಲೆ ಚಂದ್ರಮತಿ ತಾನು ನೇಯ್ದ ಆರು ಎಳೆಯನ್ನು ಎಲ್ಲರೆದುರು ಬಿಚ್ಚಿದಳು. ಬೇರೆಯವರು ಬಂದು ಸಾಲು ನಿಂತರು. ಸೌದಾ ಕೂತೇ ಇದ್ದರು. ಬೆರಳು ನಡುಗಿತು, ಲಾಳಿ ಎರಡು ಸಲ ಕೆಳಗೆ ಬಿತ್ತು. ಹೆಕ್ಕಿಕೊಟ್ಟದ್ದು ಬಿಟ್ಟರೆ ಚಂದ್ರಮತಿ ಏನನ್ನೂ ಮುಟ್ಟಲಿಲ್ಲ. ನೂಲು ಸಡಿಲಾಗುವುದು ಕಣ್ಣಿಗೆ ಕಾಣುತ್ತಿತ್ತು, ಒಮ್ಮೆ ಎಳೆದರೆ ಸಾಕಿತ್ತು. ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಳು. ಅಪ್ಪನ ಮಗ್ಗದಲ್ಲಿ ಇಡೀ ಸೀರೆ ಮುಗಿಸಿದ ದಿನವೂ ಅವಳಿಗೆ ಅಷ್ಟು ದಣಿವಾಗಿರಲಿಲ್ಲ.

ನಾಲ್ಕು ಎಳೆಯಾಗುವಾಗ ಸೌದಾಗೆ ಸುಸ್ತಾಯಿತು. “ಉಳಿದ ಎರಡು ಬರುವ ವಾರ,” ಎಂದು ಎದ್ದರು.

ಪರ್ಲ್ ಇಡೀ ದಿನ ಚಂದ್ರಮತಿಯ ಹತ್ತಿರ ಮಾತಾಡಲಿಲ್ಲ. ಸಂಜೆ ಆರಕ್ಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು, “ಕಂಪನಿಗೆ ನಾನೇನೂ ಬರೆಯುವುದಿಲ್ಲ,” ಎಂದಳು. “ಆದ್ರೆ ಇನ್ನು ಬಿಚ್ಚಬಾರದು ಚಂದ್ರಕ್ಕ. ಖಲಾಸ್. ನನಗೆ ಮಾತು ಕೊಡಿ.”

ಚಂದ್ರಮತಿ ಮಗ್ಗದ ಕಡೆ ನೋಡಿದಳು. ಆ ನಾಲ್ಕು ಎಳೆಯ ಮೇಲೆ ಅವಳಿಗೆ ಈಗ ಪ್ರೀತಿ ಬಂದುಬಿಟ್ಟಿತ್ತು, ಆದರೂ ಹೆಬ್ಬೆರಳು ತುರಿಸುತ್ತಿತ್ತು.

“ಮಾತು ಕೊಡಬಹುದು ಮೇಡಂ,” ಎಂದಳು. “ಆದರೂ ನೀವು ಹೋಗುವಾಗ ಕೋಣೆಗೆ ಬೀಗ ಹಾಕಿಯೇ ಹೋಗಿ.”